ಬಿಸಿ ತಾಗಿದರೆ ಹ

ಗಿರಿಜಾಂಬಾ ಟೀಚರ್‌ಗೆ ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಇದ್ದದ್ದು ಒಬ್ಬನೇ ಒಬ್ಬ ಶತ್ರು. ‘ಹ’ ಇರಬೇಕಾದ ಕಡೆ ಬಂದು ಕೂರುವ ‘ಅ’. ವಿದ್ಯಾರಣ್ಯಪುರಂನ ಹೈಸ್ಕೂಲಿನಲ್ಲಿ ಯಾವ ಮಗುವಾದರೂ “ಆಲು ಕುಡ್ದ್‌ಬುಟ್ಟು ಬಂದೆ ಮಿಸ್” ಅಂದರೆ ಮುಗಿಯಿತು, ಪಾಠ ಅಲ್ಲೇ ನಿಲ್ಲುತ್ತಿತ್ತು. “ಅಂಗೈ ಬಾಯಿ ಮುಂದೆ ಹಿಡಿ. ಈಗ ಹೇಳು. ಬಿಸಿ ತಾಗಿದರೆ ಹ, ತಾಗದಿದ್ದರೆ ಅ.” ಅರ್ಧ ಏರಿಯಾ ಹೀಗೆ ಅಂಗೈಗೆ ಊದಿಕೊಂಡೇ ಎಸ್ಸೆಸ್ಸೆಲ್ಸಿ ದಾಟಿತು ಅಂದರೆ ಸುಳ್ಳಲ್ಲ.

ರಿಟೈರಾಗಿ ಮೂರು ವರ್ಷ. ಈಗ ಶತ್ರು ಬದಲಾಗಿದ್ದ. ಈಗಿನ ಶತ್ರುವಿನ ಹೆಸರು ‘ಅವರು’.

ಅವರು ಅಂದರೆ ಕೆಳಗಿನ ಬೀದಿಯವರು. ಒಂದು ತಲೆಮಾರಿನ ಹಿಂದೆ ಸುತ್ತಲ ಹಳ್ಳಿಗಳಿಂದ ಹೊಲ ಬಿಟ್ಟು ಬಂದವರು. ಈಗ ಗ್ಯಾರೇಜು, ಹಾಲಿನ ಬೂತು, ಕಂಟ್ರಾಕ್ಟು, ಕೋರ್ಟು ಕಚೇರಿ ಎಲ್ಲದರಲ್ಲೂ ಇದ್ದಾರೆ. ಮೇಲಿನ ಬೀದಿಯವರು ಟೀಚರ್ ಕಡೆಯವರು: ಮಠಕ್ಕೆ ನಡೆದುಕೊಳ್ಳುವ ಮನೆತನಗಳು, ಅಗ್ರಹಾರದಲ್ಲಿ ಅಂಗಡಿ ಇಟ್ಟವರು, ಬ್ಯಾಂಕು ಇನ್ಶೂರೆನ್ಸು ಅಂತ ಓಡಾಡುವವರು. ನಡುವೆ ಒಂದು ಅರಳಿಕಟ್ಟೆ, ಪಕ್ಕದಲ್ಲಿ ಪುಟ್ಟ ಗಣಪತಿ ಗುಡಿ, ಗುಡಿಯ ಎದುರಿಗೇ ಮೇಲಿನ ಬೀದಿಯ ಶಿವಮಲ್ಲಪ್ಪನವರ ಮನೆ. ಮೂವತ್ತು ವರ್ಷ ಎರಡೂ ಬೀದಿಯವರು ಒಂದೇ ಗಣಪತಿ ಕೂರಿಸಿ, ಒಂದೇ ಪಾತ್ರೆಯ ಪುಳಿಯೋಗರೆ ತಿಂದವರು. ಎಂಟು ತಿಂಗಳ ಹಿಂದೆ ಒಂದು ದಿನ, ಕಟ್ಟೆ ಮೇಲೆ ಕೂತವರ ನಗು ತಮ್ಮ ಹಾಲ್‌ವರೆಗೂ ಕೇಳುತ್ತದೆ ಅಂತ ಶಿವಮಲ್ಲಪ್ಪನವರು ಕಟ್ಟೆ ಸುತ್ತ ಕಬ್ಬಿಣದ ಗ್ರಿಲ್ ಹಾಕಿಸಿ ಬೀಗ ಜಡಿದರು. ಹದಿನೈದು ದಿನಕ್ಕೆ ಬೀಗ ಮುರಿದು ಚರಂಡಿಯಲ್ಲಿ ಬಿದ್ದಿತ್ತು. ಮುರಿದವರು ಯಾರೋ, ಬೆಟ್ಟದ ಮೇಲಿರುವ ತಾಯಿಗೇ ಗೊತ್ತು.

ಅಲ್ಲಿಂದ ಶುರುವಾಯಿತು ನೋಡಿ. ಕೆಳಗಿನ ಬೀದಿಯ ಒಬ್ಬ ಕುಡಿದು ಬಿದ್ದರೆ ‘ಅವರೆಲ್ಲ ಅಷ್ಟೇ’. ಅದೇ ಬೀದಿಯ ಇನ್ನೊಬ್ಬ, ಬಿದ್ದವರನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದರೆ ‘ಅಪರೂಪಕ್ಕೆ ಒಬ್ಬ ಒಳ್ಳೆಯವನು’. ತಮ್ಮವರ ವಿಷಯಕ್ಕೆ ಬಂದರೆ ಇದೇ ಮಾತು ಉಲ್ಟಾ. ಕೆಳಗಿನ ಬೀದಿಯವರೇನು ಸಾಚಾಗಳೇ? ಅಲ್ಲೂ ಇದೇ ಪಾಠ, ಬೇರೆ ಮೇಷ್ಟ್ರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಮೇಲಿನ ಬೀದಿಯವರು ಫೋನಿನಲ್ಲಿ ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಂಡರು. ‘ಹನ್ನೆರಡನೇ ಕ್ರಾಸ್ ಹಿತರಕ್ಷಣಾ ಸಮಿತಿ’ ಅಂತ ಅದಕ್ಕೆ ಹೆಸರು. ಮೊದಲ ದಿನವೇ ಗಿರಿಜಾಂಬಾ ಅದರಲ್ಲಿ ಬರೆದರು: “ಕೆಳಗಿನವರು ಓದಿದರೆ ಇದು ಅನ್ನೆರಡ್ನೇ ಕ್ರಾಸ್ ಇತರಕ್ಷಣಾ ಸಮಿತಿ!” ನಲವತ್ತು ಜನ ನಕ್ಕರು. ಆ ನಗು ಟೀಚರ್‌ಗೆ ಹಿತವಾಗಿತ್ತು. ರಿಟೈರಾದ ಮೇಲೆ ಅವರ ಮಾತು ಕೇಳಲು ಇಷ್ಟು ಜನ ಒಟ್ಟಿಗೆ ಕೂತದ್ದೇ ಇಲ್ಲವಲ್ಲ, ಪಾಪ. ಮಾರನೆಯ ವಾರ ಇನ್ನೊಂದು ಬಿಟ್ಟರು: “ಹ ಬಾರದವರಿಗೆ ಹೃದಯ ಎಲ್ಲಿಂದ ಬರಬೇಕು?” ಅದಂತೂ ಬೀದಿಯ ಗಾದೆಯೇ ಆಗಿಹೋಯಿತು.

ಇಂಥಾ ಟೀಚರ್ ಮನೆ ಗೇಟಿನಲ್ಲಿ ಒಂದು ಶನಿವಾರ ಸಂಜೆ ಹೂವಿನ ಸರೋಜಮ್ಮ ನಿಂತು ಸೇವಂತಿಗೆ ಮೊಳ ಹಾಕುತ್ತಿದ್ದಳು. ಸರೋಜಮ್ಮ ಕೆಳಗಿನ ಬೀದಿಯವಳು, ಆದರೆ ಹೂವಿಗೆ ಬೀದಿ ಎಲ್ಲಿಯದು, ಎರಡೂ ಕಡೆ ಮಾರುತ್ತಾಳೆ. ಬುಟ್ಟಿಯಲ್ಲಿದ್ದ ಅವಳ ಫೋನು ಕುಂಯ್ ಅಂದಿತು. ಅವಳು ಒದ್ದೆ ಬೆರಳಲ್ಲೇ ಒತ್ತಿದಳು. ಗಂಡಸಿನ ದನಿಯೊಂದು ಗಟ್ಟಿಯಾಗಿ ಮಾತಾಡಿತು.

“ನಾಳೆ ಒಂಬತ್ತು ಗಂಟೆಗೆ ಎಲ್ಲರೂ ಶಿವಮಲ್ಲಪ್ಪನವರ ಮನೆ ಎದುರಿಗೆ ಬಂದ್ಬಿಡಿ. ಒಂದೂ ಬಿಡಬಾರ್ದು, ಜೋರಾಗಿ ಒಡೀಬೇಕು, ಚರಂಡಿವರೆಗೂ ಹರೀಬೇಕು. ಮಕ್ಕಳನ್ನೂ ಕರ್ಕೊಂಡು ಬನ್ನಿ, ಆಯ್ಕೊಳ್ತವೆ.”

ಗಿರಿಜಾಂಬಾ ಅವರ ಮುಖ ಬಿಳುಚಿತು. ಅದನ್ನು ಕಂಡ ಸರೋಜಮ್ಮ ಗಾಬರಿಯಾಗಿ ಫೋನನ್ನು ಸೆರಗಿನೊಳಗೆ ಸೇರಿಸಿಬಿಟ್ಟಳು. ಈ ಬೀದಿಯಲ್ಲಿ ಆ ಬೀದಿಯ ಮಾತು ಆಡಬಾರದು ಅಂತ ಅವಳು ಎಂಟು ತಿಂಗಳಿಂದ ಕಲಿತಿದ್ದಳು. “ಏನದು ಸರೋಜಮ್ಮ?” ಅಂತ ಒಂದು ಮಾತು ಕೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಟೀಚರ್ ಕೇಳಲಿಲ್ಲ. ಮುಚ್ಚಿಟ್ಟಳಲ್ಲ, ಮುಚ್ಚಿಡುವಂಥದ್ದೇ ಇರಬೇಕು ಅಂದುಕೊಂಡರು. ಹೂವು ಈಸಿಕೊಂಡು ಒಳಗೆ ಬಂದು ಬಾಗಿಲಿಗೆ ಚಿಲಕ ಹಾಕಿದರು.

ದನಿ ಯಾರದು ಅಂತ ಅವರಿಗೆ ಮೊದಲ ಮಾತಿಗೇ ಗೊತ್ತಾಗಿತ್ತು. ಹಾಲಿನ ಬೂತಿನ ಮಹದೇವು ಇದ್ದಾರಲ್ಲ, ಅವರ ಮಗ ರವಿಚಂದ್ರ. ಟೀಚರ್ ಕೈಯಲ್ಲೇ ಓದಿದವನು. ಎಂಟನೇ ಕ್ಲಾಸಿಗೆ ಬಂದಾಗ ‘ಅಳೇ ಅಕ್ಕಿ ಆರೋಯ್ತು’ ಅನ್ನುತ್ತಿದ್ದವನನ್ನು ಹಿಡಿದು, ಒಂದು ವರ್ಷ ಅಂಗೈಗೆ ಊದಿಸಿ, ಒಂಬತ್ತನೇ ಕ್ಲಾಸಿನಲ್ಲಿ ವಾಚನ ಸ್ಪರ್ಧೆಗೆ ನಿಲ್ಲಿಸಿ ಮೊದಲ ಬಹುಮಾನ ಕೊಡಿಸಿದ್ದರು. ಆದರೆ ಆ ಸಂಜೆ ಅವರ ತಲೆಯಲ್ಲಿ ರವಿಚಂದ್ರ ಇರಲಿಲ್ಲ. ‘ಅವರು’ ಇದ್ದರು. ಅವರು ಒಡೀಬೇಕು ಅಂದರೆ ಏನರ್ಥ? ಅವರಿಗೆ ಹ ಬಾರದು. ಅಭ್ಯಾಸಬಲ, ಕೆಂಪು ಪೆನ್ನು ತಾನೇ ಓಡಿತು. ‘ಒ’ ಇದ್ದ ಕಡೆಗೆ ‘ಹೊ’ ಬಂದು ಕೂತಿತು.

ಗ್ರೂಪಿನಲ್ಲಿ ಬರೆದರು: “ಎಚ್ಚರಿಕೆ. ಕೆಳಗಿನವರ ಸಂದೇಶ, ಹಾಲಿನ ಬೂತಿನ ಮಹದೇವು ಮಗನ ದನಿ, ನನ್ನ ಕಿವಿಯಾರೆ ಕೇಳಿದ್ದು. ನಾಳೆ ಒಂಬತ್ತಕ್ಕೆ ಶಿವಮಲ್ಲಪ್ಪನವರ ಮನೆ ಎದುರಿಗೆ ಬರುತ್ತಾರೆ. ಒಂದೂ ಬಿಡಬಾರದು, ಜೋರಾಗಿ ಹೊಡೆಯಬೇಕು, ಚರಂಡಿವರೆಗೂ ಹರಿಯಬೇಕು.”

ಕೊನೆಯ ಮಾತಿಗೆ ಬಂದಾಗ ಬೆರಳು ನಿಂತಿತು. ಮಕ್ಕಳೇ? ಹೊಡೆದಾಟಕ್ಕೆ ಯಾರು ಮಕ್ಕಳನ್ನು ಕರೆತರುತ್ತಾರೆ? ಅವು ಏನು ಆಯ್ದುಕೊಳ್ಳುತ್ತವೆ? ಆ ಮಾತು ಮೇಲಿನ ಯಾವುದಕ್ಕೂ ಹೊಂದುತ್ತಲೇ ಇರಲಿಲ್ಲ. ಹೊಂದದೆ ಇದ್ದರೆ ಮೇಲಿನದನ್ನು ಇನ್ನೊಮ್ಮೆ ಓದಿ ನೋಡಬೇಕು. ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿಕೊಟ್ಟದ್ದು ಅದನ್ನೇ. ಟೀಚರ್ ಓದಲಿಲ್ಲ. ಕೊನೆಯದು ಸರಿಯಾಗಿ ಕೇಳಿಸಲಿಲ್ಲ ಅಂತ ತಮಗೆ ತಾವೇ ಹೇಳಿಕೊಂಡು ಕಳಿಸುವ ಗುಂಡಿ ಒತ್ತಿದರು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಐದು ನಿಮಿಷದಲ್ಲಿ ಗ್ರೂಪು ಕೊತಕೊತ ಕುದಿಯಿತು. ಯಾರೋ ಪೊಲೀಸರಿಗೆ ಹೇಳೋಣ ಅಂದರು. “ಅವರು ಬರೋ ಹೊತ್ತಿಗೆ ನಮ್ಮ ಹೆಣ ಎತ್ತಬೇಕು, ನಾವೇ ರೆಡಿ ಇರೋಣ” ಅಂತ ಶಿವಮಲ್ಲಪ್ಪ ಬರೆದರು. ಇನ್ನೊಬ್ಬರ ಕಣ್ಣು ‘ಒಂದೂ’ ಅನ್ನುವ ಮಾತಿನ ಮೇಲೆ ಬಿತ್ತು. “ನೋಡ್ರೀ, ಒಬ್ಬರನ್ನೂ ಬಿಡಬಾರದು ಅಂದಿಲ್ಲ, ಒಂದೂ ಅಂತೆ! ನಮ್ಮನ್ನ ದನ ಅಂದ್ಕೊಂಡಿದ್ದಾರೆ.” ಅದಕ್ಕೆ ಟೀಚರ್ ಉತ್ತರ: “ಹೌದು, ನಪುಂಸಕಲಿಂಗ ಬಳಸಿದ್ದಾರೆ.” ಅಯ್ಯೋ ನಿಮ್ಮ ವ್ಯಾಕರಣಕ್ಕಿಷ್ಟು! ಅಲ್ಲಿಗೂ ಅವರಿಗೆ ಹೊಳೆಯಲಿಲ್ಲ.

ಎಂಟು ಗಂಟೆಗೆ ಮಗ ಮಹಾಂತೇಶ್ ಕೆಲಸ ಮುಗಿಸಿ ಬಂದ. ಇನ್ಶೂರೆನ್ಸ್ ಆಫೀಸಿನ ಟೈ ಕೂಡ ಬಿಚ್ಚದೆ ಸೀದಾ ಅಡುಗೆಮನೆಗೆ ಬಂದು ನಿಂತ. ಅವನೂ ರವಿಚಂದ್ರನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು.

“ಅಮ್ಮ, ರವಿ ಹಿಂಗಂದ್ನಾ? ನಿಜವಾಗ್ಲೂ?”

“ನನ್ನ ಕಿವೀಲಿ ಕೇಳಿದೀನಿ ಕಣೋ.”

“ಇಷ್ಟೇನಾ? ಇನ್ನೇನಾದ್ರೂ ಅಂದ್ನಾ?”

ಗಿರಿಜಾಂಬಾ ಒಲೆಯ ಉರಿ ಸಣ್ಣ ಮಾಡಿದರು. ಮಗನ ಕಡೆ ತಿರುಗಲಿಲ್ಲ.

“ಇಷ್ಟೇ” ಅಂದರು.

ಮಹಾಂತೇಶ್ ಅಟ್ಟದ ಮೇಲಿಂದ ಹಳೇ ಕ್ರಿಕೆಟ್ ವಿಕೆಟ್‌ಗಳನ್ನು ಇಳಿಸಿ ಬಾಗಿಲ ಹಿಂದೆ ಒರಗಿಸಿದ. ತಾಯಿ ಬೇಡ ಅನ್ನಲಿಲ್ಲ. ಹೆದರಿಕೆಯ ಜೊತೆಗೆ ಒಂದು ಬಗೆಯ ಹೆಮ್ಮೆಯೂ ಇತ್ತು ಅವರಿಗೆ. “ಟೀಚರಮ್ಮ, ನೀವಿಲ್ದಿದ್ರೆ ನಾಳೆ ನಮ್ಮ ಕಥೆ ಅಷ್ಟೇ” ಅಂತ ಒಬ್ಬೊಬ್ಬರೇ ಫೋನ್ ಮಾಡಿ ಕೈಮುಗಿದಿದ್ದರು.

ಭಾನುವಾರ ಬೆಳಿಗ್ಗೆ ಎಂಟೂವರೆ. ಚಟ್ನಿಗೆ ಕಾಯಿ ಬೇಕಾಗಿತ್ತು. ಗಿರಿಜಾಂಬಾ ತೆಂಗಿನಕಾಯಿಯ ಜುಟ್ಟು ಕಿತ್ತು, ದಿನದ ರೂಢಿಯಂತೆ ಕೂಗಿದರು: “ಮಹಾಂತೇಶಾ, ಈ ಕಾಯಿ ಸ್ವಲ್ಪ ಒಡ್ಕೊಡೋ.”

ಉತ್ತರ ಬರಲಿಲ್ಲ. ಬಾಗಿಲ ಹಿಂದೆ ವಿಕೆಟ್‌ಗಳೂ ಇರಲಿಲ್ಲ. ಕೈಯಲ್ಲಿ ಕಾಯಿ ಹಿಡಿದು ನಿಂತವರ ಕಿವಿಗೆ ತಮ್ಮದೇ ಮಾತು ತಿರುಗಿ ಬಂತು. ಒಡ್ಕೊಡೋ. ಒಡಿ.

ಎಡಗೈಯನ್ನು ಬಾಯಿ ಮುಂದೆ ಹಿಡಿದರು. “ಒಡೀಬೇಕು” ಅಂದರು. ಬಿಸಿ ತಾಗಲಿಲ್ಲ. “ಹರೀಬೇಕು” ಅಂದರು. ತಾಗಿತು. ಹರೀಬೇಕು ಅನ್ನುವಾಗ ಹುಡುಗನ ನಾಲಿಗೆಯಲ್ಲಿ ಹ ಇತ್ತಲ್ಲ! ಸ್ಫುಟವಾಗಿ ಇತ್ತಲ್ಲ! ಹ ನುಂಗುವವನಾಗಿದ್ದರೆ ಎರಡನ್ನೂ ನುಂಗಬೇಕಿತ್ತು. ಅವನು ನುಂಗುವವನೇ ಅಲ್ಲ, ತಾನೇ ಕಲಿಸಿದ್ದು. ಅವನು ಒಡೀಬೇಕು ಅಂದರೆ ಒಡೆಯಬೇಕು ಅಂತಲೇ ಅರ್ಥ. ಒಂದೂ ಬಿಡಬಾರದು ಅಂದರೆ ಒಂದು ಕಾಯಿಯನ್ನೂ. ಚರಂಡಿವರೆಗೆ ಹರಿಯುವುದು ಕಾಯಿನೀರು. ಒಡೆದ ಈಡುಗಾಯಿಯ ಹೋಳು ಆಯ್ದುಕೊಳ್ಳುವುದು ಮಕ್ಕಳು. ಎಲ್ಲ ಮಾತೂ ಒಂದಕ್ಕೊಂದು ಹೊಂದಿಕೊಂಡು ಕೂತವು.

“ಅಯ್ಯೋ ಶಿವನೇ, ಎಂಥಾ ಕೆಲಸ ಮಾಡ್ದೆ ನಾನು.”

ಮಗನಿಗೆ ಫೋನ್ ಮಾಡಿದರು. ಮೂರು ಸಲ ಹೊಡೆದುಕೊಂಡು ನಿಂತಿತು. ಗ್ರೂಪಿನಲ್ಲಿ ಬರೆದರು: “ನಾನು ತಪ್ಪಾಗಿ ಕೇಳಿಸಿಕೊಂಡೆ. ಅವರು ಬರುತ್ತಿರುವುದು ಕಾಯಿ ಒಡೆಯುವುದಕ್ಕೆ. ದಯವಿಟ್ಟು ಎಲ್ಲರೂ ಮನೆಗೆ ಹೋಗಿ.” ಒಂದು ನಿಮಿಷದಲ್ಲಿ ಉತ್ತರ ಬಂತು: “ಪಾಪ, ಟೀಚರ್ ಹೆದರಿಬಿಟ್ಟಿದ್ದಾರೆ.” ಅದರ ಕೆಳಗೆ ಇನ್ನೊಂದು: “ಮೇಡಂಗೆ ಯಾರೋ ಬೆದರಿಕೆ ಹಾಕಿ ಹೀಗೆ ಬರೆಸಿದ್ದಾರೆ. ನಿನ್ನೆ ಎಷ್ಟು ಸ್ಪಷ್ಟವಾಗಿ ಹೇಳಿದ್ರು! ಇವತ್ತು ಯಾರನ್ನೂ ಬಿಡಬೇಡಿ.”

ಸುಳ್ಳನ್ನು ಐದು ನಿಮಿಷದಲ್ಲಿ ನಂಬಿದ ಜನ ನಿಜವನ್ನು ಮಾತ್ರ ತಿರುಗಿಸಿ ಮುರುಗಿಸಿ ನೋಡುತ್ತಾರೆ. ಗಿರಿಜಾಂಬಾ ಮನೆಯಲ್ಲಿ ಹಾಕುವ ಹವಾಯಿ ಚಪ್ಪಲಿಯಲ್ಲೇ ಬೀದಿಗಿಳಿದು ಓಡಿದರು. ಅರವತ್ತಮೂರು ವರ್ಷದ ಮಂಡಿ ಚುಳುಕ್ ಅನ್ನುತ್ತಿತ್ತು, ಅದರ ಮಾತು ಕೇಳುವ ಹೊತ್ತೇ ಅದು?

ಕಟ್ಟೆಯ ತಿರುವಿನಲ್ಲಿ ಮೊದಲು ಕಂಡದ್ದು ಮಕ್ಕಳು. ಎಂಟು ಹತ್ತು ಮಕ್ಕಳು, ಎಲ್ಲರ ಕೈಯಲ್ಲೂ ಬಟ್ಟೆ ಚೀಲ. ಟೀಚರ್ ಬರೆಯದೆ ಬಿಟ್ಟ ಮಾತು ಹೀಗೆ ಕಾಲು ಬಂದು ಎದುರಿಗೆ ನಿಂತಿತ್ತು.

“ಮಿಸ್, ನಮ್ ಗಗನ ಆಸ್ಪತ್ರೆಯಿಂದ ಬಂದ್ಬುಟ್ಟವ್ಳೆ!” ಒಂದು ಹುಡುಗಿ ಕುಣಿಯುತ್ತಾ ಹೇಳಿದಳು. “ಡೆಂಗಿ ಬಂದು ಐಸಿಯುಲಿ ಇದ್ಲಲ್ಲ? ಅದಕ್ಕೆ ರವಿ ಮಾಮ ಅರಕೆ ಒತ್ಕೊಂಡಿದ್ರು. ನೂರೊಂದು ಈಡ್ಗಾಯಿ!”

ಗಗನ ರವಿಚಂದ್ರನ ಐದು ವರ್ಷದ ಮಗಳು. ಆ ಮಗು ಸಾವಿನ ಬಾಯಿಗೆ ಹೋಗಿ ಬಂದದ್ದು ಮೇಲಿನ ಬೀದಿಯ ಒಂದು ಮನೆಗೂ ಗೊತ್ತಿರಲಿಲ್ಲ. ಗ್ರಿಲ್ ಬರುವ ಮೊದಲಾಗಿದ್ದರೆ ಟೀಚರೇ ಗಂಜಿ ಮಾಡಿ ಕಳಿಸುತ್ತಿದ್ದರು. ‘ಅರಕೆ’ಯನ್ನು ತಿದ್ದುವ ಮನಸ್ಸು ಅವರಿಗೆ ಆಗಲಿಲ್ಲ. “ಇಲ್ಲೇ ಇರಿ ಮಕ್ಕಳಾ, ಮುಂದೆ ಬರಬೇಡಿ” ಅಂದು ಶಿವಮಲ್ಲಪ್ಪನವರ ಗೇಟಿಗೆ ಓಡಿದರು.

ಕಾಂಪೌಂಡಿನ ಹಿಂದೆ ಹದಿನೈದು ಗಂಡಸರು ಬಗ್ಗಿ ಕೂತಿದ್ದರು. ಬ್ಯಾಂಕಿನವರು, ಅಂಗಡಿಯವರು, ದಿನಾ ಬೆಳಿಗ್ಗೆ ವಿಭೂತಿ ಇಟ್ಟು ಲಿಂಗಪೂಜೆ ಮಾಡದೆ ಕಾಫಿ ಕುಡಿಯದವರು. ಎಲ್ಲರ ಕೈಯಲ್ಲೂ ಪೈಪು, ದೊಣ್ಣೆ. ಗೇಟಿನ ಹತ್ತಿರ, ಎಲ್ಲರಿಗಿಂತ ಮುಂದೆ, ಮಹಾಂತೇಶ್.

“ಶಿವಮಲ್ಲಪ್ಪನವರೇ, ಅದು ಕಾಯಿ ಕಣ್ರೀ! ಈಡುಗಾಯಿ. ಮಗು ಹುಷಾರಾಗಿದೆ ಅಂತ ಹರಕೆ. ನಾನು ತಪ್ಪು ಬರೆದೆ.”

“ನೀವು? ತಪ್ಪು?” ಶಿವಮಲ್ಲಪ್ಪ ದನಿ ತಗ್ಗಿಸಿ ನಕ್ಕರು. “ಊರಿನ ತಪ್ಪೆಲ್ಲ ತಿದ್ದಿದವರು ನೀವು. ಒಳಗೆ ಹೋಗಿ ಕೂತ್ಕೊಳ್ಳಿ ಟೀಚರಮ್ಮ.”

“ಕಾಯಿ ಒಡೆಯೋರು ನಮ್ಮವರ ಮನೆ ಮುಂದೇನೇ ಯಾಕೆ ಬರ್ತಾರೆ?” ಅಂದ ಇನ್ನೊಬ್ಬ.

“ಗುಡಿ ಇರೋದೇ ಇಲ್ಲಿ ಅಲ್ವೇನ್ರೀ!”

“ಅದೆಲ್ಲ ನೆಪ. ಹ ಬಾರದವರಿಗೆ ಹೃದಯ ಎಲ್ಲಿಂದ ಬರಬೇಕು, ನೀವೇ ಹೇಳಿದ್ದಲ್ವಾ?”

ಮಹಾಂತೇಶ್ ಒಬ್ಬನೇ ತಾಯಿಯ ಮುಖ ನೋಡಿದ. ಅವನ ಕಣ್ಣಿನಲ್ಲಿ ಅನುಮಾನ ಇತ್ತು. ಒಂದು ಮಾತು ಸಾಕಿತ್ತು. ‘ಮಕ್ಕಳನ್ನೂ ಕರ್ಕೊಂಡು ಬನ್ನಿ, ಆಯ್ಕೊಳ್ತವೆ ಅಂತಲೂ ಅಂದಿದ್ದ ಕಣೋ’ ಅಂತ ಹೇಳಿದ್ದರೆ, ತಿರುವಿನಲ್ಲಿ ಚೀಲ ಹಿಡಿದು ನಿಂತ ಮಕ್ಕಳೇ ಸಾಕ್ಷಿ ಹೇಳುತ್ತಿದ್ದವು. ಆದರೆ ಅದನ್ನು ಹೇಳಿದರೆ, ನಿನ್ನೆ ಯಾಕೆ ಹೇಳಲಿಲ್ಲ ಅಂತ ಬರುತ್ತದೆ. ಕಿವಿ ತಪ್ಪು ಮಾಡಿತು ಅನ್ನಬಹುದು. ಬೇಕೆಂದೇ ಬಿಟ್ಟೆ ಅನ್ನುವುದು ಹೇಗೆ, ಇಷ್ಟು ಜನರ ಎದುರಿಗೆ, ಮಗನ ಎದುರಿಗೆ? ಬಾಯಿ ತೆರೆದರು. ಮತ್ತೆ ಮುಚ್ಚಿ, ಮಗನ ಮುಖದಿಂದ ಕಣ್ಣು ತೆಗೆದರು.

ಅಷ್ಟರಲ್ಲಿ ಗೂಡ್ಸ್ ಆಟೋ ತಿರುಗಿ ಬಂತು. ಹಿಂದೆ ಟಾರ್ಪಾಲು ಮುಚ್ಚಿದ ಮೂಟೆಗಳು, ಅದರ ಹಿಂದೆ ಇಪ್ಪತ್ತು ಜನ.

“ಕಲ್ಲು! ಮೂಟೆಗಟ್ಲೆ ಕಲ್ಲು ತಂದಿದ್ದಾರೆ!” ಕಾಂಪೌಂಡಿನಿಂದ ಯಾರೋ ಅರಚಿದರು.

ರವಿಚಂದ್ರ ಆಟೋದಿಂದ ಧುಮುಕಿದ. ಪಂಚೆ ಉಟ್ಟಿದ್ದ, ಹಣೆಗೆ ಕುಂಕುಮ. ಟಾರ್ಪಾಲು ಎಳೆದು, ಮೂಟೆಯೊಳಗೆ ಕೈ ಹಾಕಿ, ದುಂಡಗಿನದೊಂದನ್ನು ತೆಗೆದ. ಗುಡಿಯ ಕಡೆ ತಿರುಗಿ ಕಣ್ಣು ಮುಚ್ಚಿದ. ಎರಡೂ ಕೈಯಲ್ಲಿ ಅದನ್ನು ತಲೆಯ ಮೇಲಕ್ಕೆ ಎತ್ತಿದ.

“ಮಹಾಂತೇಶಾ, ಬೇಡ ಕಣೋ!” ಗಿರಿಜಾಂಬಾ ಚೀರಿದರು.

ಮಹಾಂತೇಶ್ ಆಗಲೇ ಗೇಟು ದಾಟಿದ್ದ. ವಿಕೆಟ್ ಬೀಸಿ ಬಂದು ಎತ್ತಿದ ಕೈಯ ಮಣಿಕಟ್ಟಿನ ಮೇಲೆ ಬಿತ್ತು. ಒಣ ಕಡ್ಡಿ ಮುರಿದ ಸದ್ದಾಯಿತು. ಕಾಯಿ ಕೆಳಗೆ ಬಿದ್ದು, ಒಡೆಯದೆ, ಉರುಳುತ್ತಾ ಬಂದು ಶಿವಮಲ್ಲಪ್ಪನವರ ಗೇಟಿಗೆ ತಾಗಿ ನಿಂತಿತು. ಅರಿಸಿನ ಹಚ್ಚಿ ಕುಂಕುಮ ಇಟ್ಟ ತೆಂಗಿನಕಾಯಿ.

ಮಹದೇವು, ರವಿಯ ತಂದೆ, ಎದೆ ಬಡಿದುಕೊಂಡರು: “ನನ್ ಮಗುನ್ ಕೈ ಮುರ್ದಾಕ್‌ಬುಟ್ರಲ್ರಪ್ಪೋ! ದ್ಯಾವ್ರ್ ಮುಂದೆ ನಿಂತಿದ್ದೋನ್ನ!” ಇಪ್ಪತ್ತು ಜನ ಒಟ್ಟಿಗೆ ಮುಂದಕ್ಕೆ ನುಗ್ಗಿದರು. ಒಬ್ಬೊಬ್ಬರ ಕೈಗೂ ಒಂದೊಂದು ಕಾಯಿ ಬಂದಿತ್ತು. ಕಾಂಪೌಂಡಿನವರೂ ಎದ್ದು ನಿಂತರು. “ನೋಡಿದ್ರಾ, ಕಾಯಲ್ಲಿ ಹೊಡೆಯೋಕೆ ಬಂದವರು!” ಅಂತ ಶಿವಮಲ್ಲಪ್ಪ ಕೂಗಿದರು. “ಜೋರಾಗಿ ಹೊಡೀಬೇಕು ಅಂತ ನೀನೇ ಅಂದಿದ್ಯಲ್ಲೋ ರವಿ, ಟೀಚರ್ ಕಿವಿಯಾರೆ ಕೇಳಿದ್ದಾರೆ!”

“ಹೊಡೀಬೇಡಿ!”

ಕೂಗಿದವನು ರವಿಚಂದ್ರ. ಮುರಿದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು, ತನ್ನವರ ಕಡೆ ತಿರುಗಿ, ಇಡೀ ಬೀದಿಗೆ ಕೇಳುವಂತೆ ಕೂಗಿದ್ದ. “ಯಾರೂ ಹೊಡೀಬೇಡಿ. ನನ್ನ ಮಗಳ ಹರಕೆ ಇದು. ಕಾಯಿ ಕೆಳಗಿಡಿ.”

ಆ ದನಿಗೆ ಇಪ್ಪತ್ತು ಜನರ ಕಾಲು ನಿಂತಿತು. ಅವನು ನಿಧಾನವಾಗಿ ಟೀಚರ್ ಕಡೆ ನಡೆದು ಬಂದ. ನೋವಿಗೆ ತುಟಿ ಬೆಳ್ಳಗಾಗಿತ್ತು. ನೆಟ್ಟಗಿದ್ದ ಎಡಗೈಯನ್ನು ಎತ್ತಿ ಬಾಯಿಯ ಮುಂದೆ ಹಿಡಿದುಕೊಂಡ, ಎಂಟನೇ ಕ್ಲಾಸಿನಲ್ಲಿ ಹಿಡಿಯುತ್ತಿದ್ದ ಹಾಗೇ.

“ಹೊಡಿ” ಅಂದ. “ಬಿಸಿ ತಾಗ್ತು ಮಿಸ್. ಒಡಿ. ಇದಕ್ಕೆ ತಾಗಲ್ಲ. ನಿನ್ನೆ ನಾನು ಅಂದಿದ್ದು ಇದು. ನೀವು ಕಲಿಸಿದ್ದನ್ನ ನಾನು ಮರೆತಿಲ್ಲ.”

ಗಿರಿಜಾಂಬಾ ಗೇಟಿನ ಸರಳು ಹಿಡಿದುಕೊಂಡರು. ನಾಚಿಕೆ ಅಂದರೆ ಏನು ಅಂತ ಅರವತ್ತಮೂರನೇ ವಯಸ್ಸಿನಲ್ಲಿ ಅವರಿಗೆ ಗೊತ್ತಾಯಿತು. ಈಗಲೂ ಕಿವಿಯ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ವಯಸ್ಸಾಯಿತು, ಸರಿಯಾಗಿ ಕೇಳಿಸಲಿಲ್ಲ ಅಂದಿದ್ದರೆ ಎರಡೂ ಬೀದಿಯವರು ಅಯ್ಯೋ ಪಾಪ ಅಂದುಬಿಡುತ್ತಿದ್ದರು.

“ಇನ್ನೊಂದು ಮಾತೂ ಇತ್ತು” ಅಂದರು. ಎಲ್ಲರಿಗೂ ಕೇಳಿಸುವಂತೆ ಅಂದರು. “ಮಕ್ಕಳನ್ನೂ ಕರ್ಕೊಂಡು ಬನ್ನಿ, ಆಯ್ಕೊಳ್ತವೆ ಅಂತ. ಅದನ್ನೂ ಕೇಳಿದ್ದೆ. ಚೆನ್ನಾಗೇ ಕೇಳಿಸಿತ್ತು. ಹೊಂದಲ್ಲ ಅಂತ ಬಿಟ್ಟೆ. ಕೆಟ್ಟದ್ದೇ ಆಗಿರಲಿ ಅಂತ ನನಗೆ ಬೇಕಾಗಿತ್ತು ಕಣೋ ರವಿ, ಅದಕ್ಕೇ ಬಿಟ್ಟೆ.”

ಕಾಂಪೌಂಡಿನವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ತಿರುವಿನಲ್ಲಿ ಮಕ್ಕಳು ಖಾಲಿ ಚೀಲ ಹಿಡಿದು, ಮುಂದೆ ಬರಬಹುದೋ ಬಾರದೋ ತಿಳಿಯದೆ ನಿಂತಿದ್ದವು.

ಮಹಾಂತೇಶ್ ತನ್ನ ಕೈಯಲ್ಲಿದ್ದ ವಿಕೆಟ್ ನೋಡಿದ. ಗೆಳೆಯನ ಜೋತುಬಿದ್ದ ಕೈ ನೋಡಿದ. ಆಮೇಲೆ ತಾಯಿಯ ಕಡೆ ತಿರುಗಿದ.

“ಇಷ್ಟೇನಾ ಅಂತ ಕೇಳಿದ್ನಲ್ಲಮ್ಮ” ಅಂದ. “ನೀನು ಇಷ್ಟೇ ಅಂದ್ಯಲ್ಲ.”